ಶಕ್ತಿ ಅವನಿಗೆ, ಸಾವು ಅವಳಿಗೆ

ವೋರ್ಮಿರ್ ಎಂಬ ಕಾಲ್ಪನಿಕ ಗ್ರಹದಲ್ಲಿ ಒಂದು ಕಡಿದಾದ ಬಂಡೆ ಇದೆ. ಮಾರ್ವೆಲ್ ಸಿನಿಮಾ ನೋಡುವ ಹುಡುಗ ಹುಡುಗಿಯರಿಗೆಲ್ಲ ಅದರ ಪರಿಚಯವಿದೆ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ನಲ್ಲಿ ಖಳನಾಯಕ ಥಾನೋಸ್ ತನ್ನ ಸಾಕುಮಗಳು ಗಮೋರಾಳನ್ನು ಅಲ್ಲಿಂದ ಕೆಳಗೆ ಎಸೆಯುತ್ತಾನೆ. ಆತ್ಮದ ಮಣಿ ಬೇಕೆಂದರೆ ತಾನು ಪ್ರೀತಿಸುವ ಜೀವವೊಂದನ್ನು ಬಲಿ ಕೊಡಬೇಕು, ಅದು ಆ ಜಾಗದ ಕಟ್ಟಳೆ. ಮರುವರ್ಷದ ‘ಎಂಡ್‌ಗೇಮ್’ನಲ್ಲಿ ಅದೇ ಬಂಡೆಯ ಅಂಚಿಗೆ ಬ್ಲ್ಯಾಕ್ ವಿಡೋ ಎಂದೇ ಹೆಸರಾದ ನತಾಶಾ, ಅವಳ ಹಳೆಯ ಗೆಳೆಯ ಕ್ಲಿಂಟ್ ಜೊತೆಗೆ ಬಂದು ನಿಲ್ಲುತ್ತಾಳೆ. ನಾನು ಸಾಯುತ್ತೇನೆ, ನೀನು ಬದುಕು ಎಂದು ಇಬ್ಬರೂ ಕಿತ್ತಾಡುತ್ತಾರೆ. ಆ ಜಗಳದಲ್ಲಿ ಗೆದ್ದವಳು ನತಾಶಾ, ಹಾಗಾಗಿ ಸತ್ತವಳೂ ಅವಳೇ.

ಎರಡು ಸಿನಿಮಾ, ಒಂದೇ ಬಂಡೆ. ಬಿದ್ದವರಿಬ್ಬರೂ ಹೆಂಗಸರು, ಮಣಿ ಸಿಕ್ಕಿದ್ದು ಎರಡು ಸಲವೂ ಗಂಡಸಿನ ಕೈಗೆ. ಸೂಪರ್‌ಹೀರೋ ಸಿನಿಮಾಗಳಲ್ಲಿ ಗಂಡಸುತನ ಎಂದರೇನು, ಹೆಣ್ಣಿನ ಜಾಗ ಯಾವುದು, ವೀರನೆಂದರೆ ಯಾರು ಎಂಬ ಪ್ರಶ್ನೆಗಳನ್ನು ಕೇಳಬೇಕಾದರೆ ಈ ಬಂಡೆಯ ಬುಡದಿಂದಲೇ ಶುರು ಮಾಡುವುದು ಒಳ್ಳೆಯದು.

ಎರಡು ಸಾವೂ ಒಂದೇ ಬಗೆಯವಲ್ಲ. ಗಮೋರಾಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅವಳು ಪುಟ್ಟ ಹುಡುಗಿಯಾಗಿದ್ದಾಗ ಅವಳ ಜನರಲ್ಲಿ ಅರ್ಧದಷ್ಟು ಮಂದಿಯನ್ನು ಕೊಂದು, ಅವಳನ್ನು ಎತ್ತಿಕೊಂಡು ಹೋಗಿ, ಕೊಲ್ಲುವ ವಿದ್ಯೆ ಕಲಿಸಿ ಬೆಳೆಸಿದವನು ಥಾನೋಸ್. ಇನ್ನೊಬ್ಬ ಸಾಕುಮಗಳು ನೆಬ್ಯುಲಾ ಅಕ್ಕನೆದುರು ಕಾಳಗದಲ್ಲಿ ಸೋತಾಗಲೆಲ್ಲ ಅವಳ ದೇಹದ ಭಾಗವೊಂದನ್ನು ಕಿತ್ತು ಯಂತ್ರ ಜೋಡಿಸಿದವನೂ ಅವನೇ. ನಿನ್ನದು ಪ್ರೀತಿಯೇ ಅಲ್ಲ ಎಂದು ಗಮೋರಾ ಆ ಬಂಡೆಯ ಮೇಲೆ ನಿಂತು ಅವನ ಮುಖಕ್ಕೇ ಹೇಳುತ್ತಾಳೆ. ಕತೆ ಮಾತ್ರ ಅವಳ ಮಾತನ್ನು ನಂಬುವುದಿಲ್ಲ. ಅವಳನ್ನು ಎಸೆದ ಮೇಲೆ ಮಣಿ ಅವನ ಅಂಗೈಗೆ ಬರುತ್ತದೆ. ಅಲ್ಲಿಗೆ ಅವನ ಪ್ರೀತಿ ನಿಜವೆಂದು ಬ್ರಹ್ಮಾಂಡವೇ ಸಾಕ್ಷಿ ನುಡಿದಂತಾಯಿತು. ಅವನ ಕಣ್ಣೀರಿನ ಹತ್ತಿರಕ್ಕೆ ಕ್ಯಾಮೆರಾ ಹೋಗುತ್ತದೆ, ಹಿನ್ನೆಲೆ ಸಂಗೀತ ಅವನ ದುಃಖಕ್ಕೆ ದನಿ ಸೇರಿಸುತ್ತದೆ. ಪ್ರೀತಿ ಇದ್ದದ್ದಕ್ಕೇ ಹೊಡೆದೆ, ಪ್ರೀತಿ ಹೆಚ್ಚಾಗಿ ಕೊಂದೆ ಎಂಬ ಸಮರ್ಥನೆ ನಮ್ಮ ಊರು ಕೇರಿಗಳಲ್ಲಿ, ಕೋರ್ಟು ಕಟಕಟೆಗಳಲ್ಲಿ ಕೇಳಿಬರುವಂಥದ್ದೇ. ಅದಕ್ಕೆ ಕೋಟ್ಯಂತರ ಪ್ರೇಕ್ಷಕರ ಎದುರು ಇಷ್ಟು ಘನತೆ ಸಿಕ್ಕಿದ್ದು ನನಗೆ ಇಂದಿಗೂ ನುಂಗಲಾರದ ಸಂಗತಿ.

ನತಾಶಾಳ ವಿಷಯ ಇಷ್ಟು ಸರಳವಿಲ್ಲ. ಸಾವನ್ನು ಅವಳೇ ಆರಿಸಿಕೊಂಡಳು. ಚಿತ್ರಕಥೆ ಬರೆದ ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ ಒಂದು ಕರಡಿನಲ್ಲಿ ಕ್ಲಿಂಟ್ ಬೀಳುವ ಹಾಗೆಯೂ ಬರೆದಿದ್ದರು. ಅದನ್ನು ಓದಿದ ವಿಶುವಲ್ ಎಫೆಕ್ಟ್ಸ್ ವಿಭಾಗದ ನಿರ್ಮಾಪಕಿಯೇ, ಆ ಗಳಿಗೆಯನ್ನು ಅವಳಿಂದ ಕಸಿದುಕೊಳ್ಳಬೇಡಿ ಎಂದು ಹೇಳಿದರೆಂದು ಅವರು ಸಂದರ್ಶನದಲ್ಲಿ ನೆನಪಿಸಿಕೊಂಡಿದ್ದಾರೆ. ಆ ಮಾತಿನಲ್ಲಿ ನ್ಯಾಯವಿದೆ. ಗೂಢಚಾರಿಣಿಯಾಗಿ ಕೈಗೆ ರಕ್ತ ಅಂಟಿಸಿಕೊಂಡವಳು ತನ್ನ ಲೆಕ್ಕವನ್ನು ತಾನೇ ಚುಕ್ತಾ ಮಾಡುವ ಗಳಿಗೆ ಅದು. ನನ್ನ ತಕರಾರು ಇರುವುದು ಅವಳ ಸಾವಿನಲ್ಲಿ ಅಲ್ಲ, ಆಮೇಲೆ ಬರುವ ದೃಶ್ಯಗಳಲ್ಲಿ. ಉಳಿದ ಐದು ಮಂದಿ ಗಂಡಸರು ಕೆರೆಯ ದಂಡೆಯಲ್ಲಿ ನಿಂತು ಒಂದೆರಡು ಮಾತಾಡುತ್ತಾರೆ, ಒಬ್ಬ ಸಿಟ್ಟಿನಿಂದ ಬೆಂಚೊಂದನ್ನು ಎತ್ತಿ ನೀರಿಗೆ ಎಸೆಯುತ್ತಾನೆ, ಕತೆ ಮುಂದಕ್ಕೆ ಹೋಗುತ್ತದೆ. ಅದೇ ಸಿನಿಮಾದ ಕೊನೆಯಲ್ಲಿ ಐರನ್ ಮ್ಯಾನ್ ತೀರಿಕೊಂಡಾಗ ಕರಿಯ ಉಡುಪು ತೊಟ್ಟ ಸಾಲು ಸಾಲು ಜನರ ಮುಖಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಚಲಿಸುತ್ತದೆ. ಹತ್ತು ವರ್ಷ ಹತ್ತಾರು ನಾಯಕರನ್ನು ಒಟ್ಟು ಹಿಡಿದಿದ್ದವಳಿಗೆ 181 ನಿಮಿಷದ ಸಿನಿಮಾದಲ್ಲಿ ಒಂದು ಶವಸಂಸ್ಕಾರಕ್ಕೆ ಜಾಗ ಸಿಗಲಿಲ್ಲ. 2010ರ ‘ಐರನ್ ಮ್ಯಾನ್ 2’ರಲ್ಲಿ ಪರದೆಗೆ ಬಂದ ಆಕೆಯ ಹೆಸರಿನದೇ ಸಿನಿಮಾ ತೆರೆಕಂಡಿದ್ದು 2021ರಲ್ಲಿ, ಕತೆಯೊಳಗೆ ಆಕೆ ಸತ್ತುಹೋದ ಮೇಲೆ. ಯಾರ ಸಾವಿಗೆ ಎಷ್ಟು ಹೊತ್ತಿನ ಶೋಕ ಎಂಬುದರಲ್ಲೇ ಸಿನಿಮಾವೊಂದು ಯಾರನ್ನು ತನ್ನವರೆಂದು ತಿಳಿದಿದೆ ಎನ್ನುವುದು ಗೊತ್ತಾಗುತ್ತದೆ.

ಇದು ಒಂದೆರಡು ಸಿನಿಮಾಗಳ ಕತೆಯಾಗಿದ್ದರೆ ಅಂಕಣ ಬರೆಯುವ ಅಗತ್ಯವಿರಲಿಲ್ಲ. 1994ರ ಗ್ರೀನ್ ಲ್ಯಾಂಟರ್ನ್ ಕಾಮಿಕ್ಸ್ ಸಂಚಿಕೆಯೊಂದರಲ್ಲಿ ನಾಯಕ ಕೈಲ್ ರೇನರ್ ಮನೆಗೆ ಬಂದಾಗ ಅವನ ಗೆಳತಿಯ ಹೆಣ ಫ್ರಿಜ್ಜಿನಲ್ಲಿ ತುರುಕಿರುತ್ತದೆ. ಖಳ ಅವಳನ್ನು ಕೊಂದಿರುವುದು ಇವನನ್ನು ಕೆರಳಿಸಲು. ಗೇಲ್ ಸಿಮೋನ್ ಎಂಬ ಅಮೆರಿಕದ ಓದುಗಿ 1999ರಲ್ಲಿ ಇಂಥ ಪಾತ್ರಗಳ ಪಟ್ಟಿಯೊಂದನ್ನು ಮಾಡಿದರು. ಕೊಲೆಯಾದವರು, ಅತ್ಯಾಚಾರಕ್ಕೆ ಒಳಗಾದವರು, ಅಂಗವಿಕಲರಾದವರು, ಶಕ್ತಿ ಕಳೆದುಕೊಂಡವರು. ಫ್ರಿಜ್ಜಿನೊಳಗಿನ ಹೆಂಗಸರು ಎಂಬ ಹೆಸರು ಹೊತ್ತ ಆ ಪಟ್ಟಿ ಉದ್ದವಾಗಿತ್ತು. ಕಾಮಿಕ್ಸ್ ಪ್ರೀತಿಸಿ ಓದುತ್ತಿದ್ದ ಹೆಣ್ಣೊಬ್ಬಳು ತಾನು ಇಷ್ಟಪಟ್ಟ ಪಾತ್ರಗಳಿಗೆಲ್ಲ ಏನಾಯಿತು ಎಂದು ಹಿಂತಿರುಗಿ ನೋಡಿದಾಗ ಹುಟ್ಟಿದ ಪಟ್ಟಿ ಅದು. ಸಿಮೋನ್ ಮುಂದೆ ತಾವೇ ಕಾಮಿಕ್ಸ್ ಬರೆಯತೊಡಗಿ ವಂಡರ್ ವುಮನ್ ಕತೆಗಳ ಲೇಖಕಿಯೂ ಆದರು.

ಈ ಸಂಪ್ರದಾಯದ ಅತಿ ಪ್ರಸಿದ್ಧ ಬಲಿ ಸ್ಪೈಡರ್‌ಮ್ಯಾನ್ ಪೀಟರ್‌ನ ಗೆಳತಿ ಗ್ವೆನ್ ಸ್ಟೇಸಿ. 1973ರ ಸ್ಪೈಡರ್‌ಮ್ಯಾನ್ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಅವಳನ್ನು ಸೇತುವೆಯಿಂದ ಕೆಳಗೆ ತಳ್ಳುತ್ತಾನೆ. ಪೀಟರ್ ಎಸೆದ ಬಲೆ ಅವಳನ್ನು ಹಿಡಿದುಕೊಂಡ ರಭಸಕ್ಕೆ ಅವಳ ಕತ್ತು ಮುರಿಯುತ್ತದೆ. ಸ್ಯಾಮ್ ರೈಮಿಯ ಮೂರು ಸ್ಪೈಡರ್‌ಮ್ಯಾನ್ ಸಿನಿಮಾಗಳಲ್ಲಿ, ಅಂದರೆ 2002, 2004 ಮತ್ತು 2007ರಲ್ಲಿ, ಮೇರಿ ಜೇನ್‌ಳನ್ನು ಮೂರು ಸಲವೂ ಖಳ ಹೊತ್ತೊಯ್ದು ತೂಗುಹಾಕುತ್ತಾನೆ ಇಲ್ಲವೆ ಕಟ್ಟಿಹಾಕುತ್ತಾನೆ. 2008ರ ‘ದಿ ಡಾರ್ಕ್ ನೈಟ್’ ಎಷ್ಟು ಮೇಲ್ದರ್ಜೆಯ ಸಿನಿಮಾ ಎಂದು ಒಪ್ಪಿಕೊಂಡೇ ಹೇಳುತ್ತೇನೆ, ಅದರಲ್ಲಿ ರೇಚಲ್ ಎಂಬ ವಕೀಲೆ ಸ್ಫೋಟದಲ್ಲಿ ಸಾಯುವುದು ಇಬ್ಬರು ಗಂಡಸರ ದಾರಿ ತಿರುಗಿಸಲು. ಅವಳಿಗೆ ಬದುಕಿನಲ್ಲಿ ಏನಾಗಬೇಕೆಂದಿತ್ತು ಎಂಬುದು ಅಲ್ಲಿಗೆ ಯಾರಿಗೂ ಬೇಡದ ಮಾತಾಗುತ್ತದೆ. 2014ರ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ಗ್ವೆನ್ ಪರದೆಯ ಮೇಲೂ ಬಿದ್ದಳು.

ಹೆಣ್ಣನ್ನು ಹೀಗೆ ಬಳಸಿಕೊಳ್ಳುವ ಕತೆ ಗಂಡಿಗೂ ದ್ರೋಹ ಮಾಡುತ್ತದೆ. ಪ್ರೀತಿಸಿದವಳು ಸತ್ತಾಗ ಮನುಷ್ಯನಿಗೆ ಕೈಕಾಲು ಆಡುವುದಿಲ್ಲ, ಊಟ ಸೇರುವುದಿಲ್ಲ, ಅವಳ ಬಟ್ಟೆಗಳನ್ನು ಏನು ಮಾಡುವುದೆಂದು ತೋಚುವುದಿಲ್ಲ. ಈ ಸಿನಿಮಾಗಳಲ್ಲಿ ಗಂಡಸಿಗೆ ಅಷ್ಟು ಹೊತ್ತು ದುಃಖಪಡುವ ಅನುಮತಿ ಇಲ್ಲ. ದುಃಖ ಕೂಡಲೇ ಕೋಪವಾಗಬೇಕು, ಕೋಪ ಮುಷ್ಟಿಯಾಗಬೇಕು. ನಮ್ಮ ಮಾಸ್ ಸಿನಿಮಾಗಳಲ್ಲೂ ಇದೇ ಸೂತ್ರ ನಡೆಯುತ್ತದೆ. ‘ಕೆಜಿಎಫ್’ನ ಎರಡನೆಯ ಭಾಗದಲ್ಲಿ ನಾಯಕ ರಾಕಿಯ ಗರ್ಭಿಣಿ ಹೆಂಡತಿ ರೀನಾ ಖಳ ಅಧೀರನ ಗುಂಡಿಗೆ ಬಲಿಯಾಗುತ್ತಾಳೆ, ರಾಕಿ ಅಧೀರನ ಮೇಲೆ ಎರಗುತ್ತಾನೆ. ಆ ಸಿನಿಮಾದ ಕಟ್ಟೋಣವನ್ನು ನಾನೂ ಮೆಚ್ಚಿದ್ದೇನೆ, ಕನ್ನಡದ ಸಿನಿಮಾ ದೇಶವನ್ನೇ ಗೆದ್ದ ಸಂತೋಷ ನನಗೂ ಇದೆ. ಆದರೂ ರೀನಾಗೆ ಕತೆಯಲ್ಲಿ ಸಿಕ್ಕ ಪಾಲು ನೋಡಿದರೆ ಫ್ರಿಜ್ಜಿನ ಬಾಗಿಲು ಕೋಲಾರದಲ್ಲೂ ತೆರೆದುಕೊಂಡಿದೆ ಎನ್ನದೆ ವಿಧಿಯಿಲ್ಲ.

ಈ ಪರಂಪರೆ ಶುರುವಾದದ್ದು ಹೀಗಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ಹುಡುಗರು ಹುಟ್ಟುಹಾಕಿದ ಸೂಪರ್‌ಮ್ಯಾನ್ ಮೊದಲು ಅಚ್ಚಾದದ್ದು 1938ರ ‘ಆ್ಯಕ್ಷನ್ ಕಾಮಿಕ್ಸ್’ನ ಒಂದನೆಯ ಸಂಚಿಕೆಯಲ್ಲಿ. ಆ ಮೊದಲ ಕತೆಯಲ್ಲಿ ಅವನು ಬೇರೆ ಗ್ರಹದ ಸೈನ್ಯದೊಡನೆ ಕಾದಾಡುವುದಿಲ್ಲ. ಮಾಡದ ತಪ್ಪಿಗೆ ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳನ್ನು ಉಳಿಸುತ್ತಾನೆ. ಹೆಂಡತಿಯನ್ನು ಹೊಡೆಯುತ್ತಿರುವ ಗಂಡನೊಬ್ಬನ ಮನೆಗೆ ನುಗ್ಗಿ ಅವನನ್ನು ತಡೆಯುತ್ತಾನೆ. ಅದೇ ಸಂಚಿಕೆಯಲ್ಲಿ ಪತ್ರಕರ್ತೆ ಲೋಯಿಸ್ ಲೇನ್, ಬಲವಂತವಾಗಿ ನೃತ್ಯಕ್ಕೆ ಕರೆದ ಪುಂಡನ ಕೆನ್ನೆಗೆ ಬಾರಿಸುತ್ತಾಳೆ. ಪಕ್ಕದಲ್ಲಿದ್ದ ಕ್ಲಾರ್ಕ್ ಕೆಂಟ್, ಅಂದರೆ ಗುರುತು ಮರೆಸಿಕೊಂಡ ಸೂಪರ್‌ಮ್ಯಾನ್, ಹೆದರುಪುಕ್ಕಲನ ಹಾಗೆ ನಟಿಸುತ್ತ ಸುಮ್ಮನಿರುತ್ತಾನೆ. ಮಹಾ ಆರ್ಥಿಕ ಕುಸಿತದ ದಿನಗಳ ಅಮೆರಿಕದಲ್ಲಿ, ಬಡ ಯಹೂದಿ ವಲಸಿಗರ ಮಕ್ಕಳು ಕನಸಿದ ಬಲಶಾಲಿ ಮೊದಮೊದಲು ಮಾಡಿದ ಕೆಲಸಗಳಲ್ಲೊಂದು ಮನೆಯೊಳಗಿನ ಹಿಂಸೆಗೆ ಅಡ್ಡ ನಿಲ್ಲುವುದು. ಇವತ್ತಿನ ಬಹುಕೋಟಿ ಸಿನಿಮಾಗಳಲ್ಲಿ ನಗರಗಳು ಪುಡಿಯಾಗುತ್ತವೆ, ಗ್ರಹಗಳು ಸಿಡಿಯುತ್ತವೆ. ಹೆಂಡತಿಯ ಮೇಲೆ ಕೈ ಎತ್ತಿದವನ ಮನೆಯ ಬಾಗಿಲು ಬಡಿಯಲು ಮಾತ್ರ ಸೂಪರ್‌ಹೀರೋಗೆ ಬಿಡುವಿಲ್ಲ.

ದೇಹದ ವಿಷಯಕ್ಕೆ ಬರೋಣ. 1966ರಲ್ಲಿ ಬ್ಯಾಟ್‌ಮ್ಯಾನ್ ಆಗಿದ್ದ ಆ್ಯಡಮ್ ವೆಸ್ಟ್‌ಗೆ ಸಾಧಾರಣ ಮೈಕಟ್ಟು ಇತ್ತು, ಯಾರೂ ಅದನ್ನು ಕೊರತೆ ಎನ್ನಲಿಲ್ಲ. 1978ರ ಸೂಪರ್‌ಮ್ಯಾನ್‌ಗಾಗಿ ಕ್ರಿಸ್ಟೋಫರ್ ರೀವ್ ಸಾಕಷ್ಟು ಕಸರತ್ತು ಮಾಡಿದರು. 1989ರ ಬ್ಯಾಟ್‌ಮ್ಯಾನ್ ಮೈಕೆಲ್ ಕೀಟನ್‌ರ ಸ್ನಾಯುಗಳೆಲ್ಲ ರಬ್ಬರಿನ ಉಡುಪಿನಲ್ಲೇ ಅಚ್ಚುಹೊಯ್ದಿದ್ದವು. ಈ ಶತಮಾನದಲ್ಲಿ ಆ ರಬ್ಬರಿನ ಆಕಾರ ನಟನ ಚರ್ಮದ ಮೇಲೇ ಮೂಡಬೇಕಾಯಿತು. ‘ಎಕ್ಸ್-ಮೆನ್’ನ ವೂಲ್ವರಿನ್ ಪಾತ್ರದ ಹ್ಯೂ ಜಾಕ್‌ಮನ್, ಅಂಗಿ ಕಳಚುವ ದೃಶ್ಯಗಳಿಗೆ ಮುನ್ನ ಸ್ನಾಯುಗಳು ಎದ್ದು ಕಾಣಲೆಂದು ನೀರು ಕುಡಿಯುವುದನ್ನೇ ನಿಲ್ಲಿಸುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ. ಪರದೆಯ ಮೇಲೆ ಅಪಾರ ಬಲದ ಗುರುತಾಗಿ ಕಾಣುವ ದೇಹ ಆ ಗಳಿಗೆಯಲ್ಲಿ ಬಾಯಾರಿ ಬಳಲಿರುವ ದೇಹ. 2019ರ ಕೊನೆಗೆ ‘ಎಟರ್ನಲ್ಸ್’ ಚಿತ್ರಕ್ಕಾಗಿ ಮೈ ಹುರಿಗೊಳಿಸಿಕೊಂಡ ಪಾಕಿಸ್ತಾನ ಮೂಲದ ನಟ ಕುಮೈಲ್ ನಂಜಿಯಾನಿ ತಮ್ಮ ಫೋಟೋ ಹಾಕುವಾಗ ಜೊತೆಗೆ ಒಂದು ಪ್ರಾಮಾಣಿಕ ಮಾತನ್ನೂ ಬರೆದರು: ಒಂದಿಡೀ ವರ್ಷ ಸ್ಟುಡಿಯೋ ಹಣ ಕೊಟ್ಟು ಇಟ್ಟ ಅತ್ಯುತ್ತಮ ತರಬೇತುದಾರರು, ಪೌಷ್ಟಿಕತಜ್ಞರು ಇಲ್ಲದೆ ಇದು ಸಾಧ್ಯವಿರಲಿಲ್ಲ ಎಂದು. ಜಿಮ್ಮಿನ ಕನ್ನಡಿ ಎದುರು ನಿಂತು ತನ್ನನ್ನು ತಾನು ಹಳಿದುಕೊಳ್ಳುವ ಪ್ರತಿ ಹದಿನೇಳರ ಹುಡುಗನಿಗೂ ಯಾರಾದರೂ ಈ ಮಾತನ್ನು ಓದಿ ಹೇಳಬೇಕು.

ಹೆಣ್ಣಿನ ದೇಹವನ್ನು ಕ್ಯಾಮೆರಾ ಹೇಗೆ ನೋಡುತ್ತದೆ ಎಂಬ ಚರ್ಚೆ ಹಳೆಯದು. ಗಂಡಿನ ದೇಹದ ಮೇಲೂ ಅದೇ ಕಣ್ಣು ಬಿದ್ದಿದೆ, ಹಾಗಾಗಿ ಲೆಕ್ಕ ಸಮವಾಯಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗಂಡಿನ ಸ್ನಾಯುವನ್ನು ಅವನು ಏನು ಮಾಡಬಲ್ಲ ಎಂದು ತೋರಿಸಲು ಚಿತ್ರೀಕರಿಸುತ್ತಾರೆ, ಹೆಣ್ಣಿನ ಮೈಯನ್ನು ನೋಡುವವನಿಗೆ ಏನು ಸಿಗುತ್ತದೆ ಎಂದು ತೋರಿಸಲು. 2017ರಲ್ಲೇ ಇದಕ್ಕೊಂದು ಪುರಾವೆ ಸಿಕ್ಕಿತು. ಆ ಜೂನ್‌ನಲ್ಲಿ ಬಂದ ‘ವಂಡರ್ ವುಮನ್’ನಲ್ಲಿ ಅಮೆಜಾನ್ ಯೋಧೆಯರು ಎದೆ ಹೊಟ್ಟೆ ಮುಚ್ಚುವ ಕವಚ ತೊಟ್ಟು ಯುದ್ಧಕ್ಕಿಳಿದಿದ್ದರು. ನವೆಂಬರ್‌ನಲ್ಲಿ ಬಂದ ‘ಜಸ್ಟಿಸ್ ಲೀಗ್’ನಲ್ಲಿ ಅದೇ ದ್ವೀಪದ ಕೆಲವು ಯೋಧೆಯರ ಹೊಟ್ಟೆ ಬರಿದಾಗಿತ್ತು. ಕತ್ತಿಯ ಇರಿತಕ್ಕೆ ಮೊದಲು ಸಿಗುವ ಭಾಗ ಅದು. ಮೊದಲಿನದನ್ನು ನಿರ್ದೇಶಿಸಿದವರು ಪ್ಯಾಟಿ ಜೆಂಕಿನ್ಸ್, ಎರಡನೆಯದನ್ನು ಜ್ಯಾಕ್ ಸ್ನೈಡರ್.

ವಂಡರ್ ವುಮನ್ ಎಂಬ ಡಯಾನಾಳ ಕತೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಮನೋವಿಜ್ಞಾನಿ ವಿಲಿಯಂ ಮಾರ್ಸ್ಟನ್ 1941ರಲ್ಲಿ ಅವಳನ್ನು ಸೃಷ್ಟಿಸಿದರು. ಮರುವರ್ಷವೇ ಅವಳನ್ನು ‘ಜಸ್ಟಿಸ್ ಸೊಸೈಟಿ’ ಎಂಬ ವೀರರ ಕೂಟಕ್ಕೆ ಸೇರಿಸಿಕೊಂಡರು, ಕಾರ್ಯದರ್ಶಿಯಾಗಿ. ಗಂಡಸರೆಲ್ಲ ಕಾದಾಡಲು ಹೊರಟಾಗ ಅವರಲ್ಲಿ ಹಲವರಿಗಿಂತ ಬಲಶಾಲಿಯಾದವಳು ಕಚೇರಿ ನೋಡಿಕೊಳ್ಳಬೇಕಿತ್ತು. 1972ರಲ್ಲಿ ಗ್ಲೋರಿಯಾ ಸ್ಟೈನಮ್ ಮತ್ತವರ ಗೆಳತಿಯರ ‘ಮಿಸ್’ ಪತ್ರಿಕೆ ಅವಳನ್ನು ಮುಖಪುಟಕ್ಕೆ ತಂದು, ಅಧ್ಯಕ್ಷ ಸ್ಥಾನಕ್ಕೆ ಇವಳೇ ಇರಲಿ ಎಂದು ಸಾರಿತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಮೇಲೆ ಸಿನಿಮಾ ಮೇಲೆ ಸಿನಿಮಾ ಬಂದವು. ಅವಳು ದೊಡ್ಡ ಪರದೆಯಲ್ಲಿ ತನ್ನದೇ ಹೆಸರಿನ ಚಿತ್ರಕ್ಕಾಗಿ ಹುಟ್ಟಿ 76 ವರ್ಷಗಳಾಗುವ ತನಕ ಕಾದಳು.

ಆ ಚಿತ್ರದ ನಡುವೆ ಒಂದು ದೃಶ್ಯವಿದೆ. ಮೊದಲ ಮಹಾಯುದ್ಧ, ಬೆಲ್ಜಿಯಂನ ಕಂದಕಗಳು. ಎರಡೂ ಸೈನ್ಯಗಳ ನಡುವಿನ ಸುಟ್ಟ ನೆಲ ದಾಟಲು ತಿಂಗಳುಗಟ್ಟಲೆ ಯಾರಿಗೂ ಆಗಿಲ್ಲ. ಆಚೆ ಹಳ್ಳಿಯೊಂದರ ಜನ ಹಸಿದಿದ್ದಾರೆ, ಸಾಯುತ್ತಿದ್ದಾರೆ ಎಂದು ಮಗು ಎತ್ತಿಕೊಂಡ ತಾಯಿಯೊಬ್ಬಳು ಡಯಾನಾಳ ಕೈ ಹಿಡಿದು ಹೇಳುತ್ತಾಳೆ. ನಾವು ಬಂದಿರುವ ಕೆಲಸ ಬೇರೆ, ಎಲ್ಲರನ್ನೂ ಉಳಿಸಲಾಗದು ಎಂದು ಗಂಡಸರು ವಿವೇಕದ ಮಾತಾಡುತ್ತಾರೆ. ಡಯಾನಾ ಏಣಿ ಹತ್ತಿ ಹೊರಬರುತ್ತಾಳೆ, ಗುಂಡುಗಳ ಸುರಿಮಳೆಗೆ ಗುರಾಣಿ ಒಡ್ಡಿ ನಡೆಯುತ್ತಾಳೆ. ಚಿತ್ರೀಕರಣದ ಮೊದಲು ಈ ದೃಶ್ಯ ಕೆಲವರಿಗೆ ಅರ್ಥವಾಗಲಿಲ್ಲವೆಂದೂ, ಇಲ್ಲಿ ಅವಳು ಏನು ಮಾಡುತ್ತಾಳೆ, ಎಷ್ಟು ಗುಂಡುಗಳೊಡನೆ ಹೋರಾಡುತ್ತಾಳೆ ಎಂಬ ಗೊಂದಲ ಅವರಿಗಿತ್ತೆಂದೂ ಜೆಂಕಿನ್ಸ್ ಹೇಳಿದ್ದಾರೆ. ಆ ಪ್ರಶ್ನೆಯಲ್ಲೇ ಈ ಪ್ರಕಾರದ ರೋಗ ಇದೆ. ಎದುರಿಗೆ ಹೊಡೆಯಲು ಒಬ್ಬನಿಲ್ಲದಿದ್ದರೆ ಶೌರ್ಯವೇ ಇಲ್ಲ ಎಂದು ನಂಬಿದವರಿಗೆ, ಜನರಿಗಾಗಿ ಒಂದು ಹೊಲ ದಾಟುವುದೇ ಶೌರ್ಯ ಎಂಬುದು ಹೊಳೆಯುವುದಿಲ್ಲ. ಸಿನಿಮಾ ನೋಡಿ ಬಂದವರು ಕೊನೆಯ ಕಾಳಗವನ್ನು ಮರೆತರು, ಈ ನಡಿಗೆಯನ್ನು ಮರೆಯಲಿಲ್ಲ. ಇಷ್ಟು ಚೆಲುವಾದ ಚಿತ್ರದ ಎರಡನೆಯ ಭಾಗ, 2020ರದು, ತೀರಾ ನಿರಾಸೆ ತಂದಿತು. ಅದರಲ್ಲಿ ಡಯಾನಾಳ ಸತ್ತ ಪ್ರಿಯಕರ ಬೇರೊಬ್ಬ ಗಂಡಸಿನ ದೇಹದಲ್ಲಿ ಮರಳಿ ಬರುತ್ತಾನೆ, ಆ ದೇಹದ ಒಡೆಯನ ಒಪ್ಪಿಗೆಯ ಮಾತು ಕತೆಗೆ ನೆನಪೇ ಆಗುವುದಿಲ್ಲ. ಹೆಣ್ಣಿನ ಒಪ್ಪಿಗೆ ಕೇಳಿ ಎಂದು ಹೇಳುವ ನಾವು ಗಂಡಿನದನ್ನೂ ಕೇಳಲೇಬೇಕು.

ಗಂಡು ನಾಯಕರ ಚಿತ್ರಗಳಲ್ಲೂ ಇಂಥ ಗಳಿಗೆಗಳಿವೆ, ಮುಚ್ಚಿಡಬಾರದು. 2011ರ ‘ಕ್ಯಾಪ್ಟನ್ ಅಮೆರಿಕ’ದಲ್ಲಿ ಸ್ಟೀವ್ ರೋಜರ್ಸ್ ಇನ್ನೂ ಸೊರಗಿದ ಹುಡುಗ, ಸೈನ್ಯದ ತಾಲೀಮಿನಲ್ಲಿ ಎಲ್ಲರಿಗಿಂತ ಹಿಂದೆ. ಅಧಿಕಾರಿಯೊಬ್ಬ ಹುಸಿ ಗ್ರೆನೇಡ್ ಎಸೆದಾಗ ದಾಂಡಿಗರೆಲ್ಲ ಓಡುತ್ತಾರೆ. ಸ್ಟೀವ್ ಅದರ ಮೇಲೆ ಬಿದ್ದು ಹೊಟ್ಟೆಯಡಿ ಮುಚ್ಚಿಕೊಂಡು ಉಳಿದವರಿಗೆ ದೂರ ಹೋಗಿ ಎಂದು ಕೂಗುತ್ತಾನೆ. ಸೀರಮ್ಮು, ಸ್ನಾಯು, ಗುರಾಣಿ ಎಲ್ಲ ಆಮೇಲೆ ಬಂದವು. ವೀರ ಮೊದಲೇ ಇದ್ದ. 2022ರ ‘ದಿ ಬ್ಯಾಟ್‌ಮ್ಯಾನ್’ ಇನ್ನೂ ಆಳಕ್ಕೆ ಹೋಯಿತು. ತಾನು ಸೇಡಿನ ಮೂರ್ತಿ ಎಂದು ಬೀಗುತ್ತಿದ್ದ ನಾಯಕ, ಅಮಾಯಕರ ಮೇಲೆ ಗುಂಡು ಹಾರಿಸಿದವನೊಬ್ಬನ ಬಾಯಲ್ಲಿ ತನ್ನದೇ ಮಾತನ್ನು ಕೇಳುತ್ತಾನೆ. ಆಮೇಲೆ ಅವನು ಮಾಡುವ ಕೆಲಸ ನೆರೆನೀರಿನಲ್ಲಿ ಸಿಕ್ಕಿಕೊಂಡವರಿಗೆ ಬೆಳಕು ಹಿಡಿದು ದಾರಿ ತೋರಿಸುವುದು. ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ನಲ್ಲಿ, ಹಿಂದೆ ಗ್ವೆನ್‌ಳನ್ನು ಉಳಿಸಲಾಗದ ಪೀಟರ್ ಬೇರೊಬ್ಬನ ಗೆಳತಿಯನ್ನು ಕೆಳಗೆ ಬೀಳದಂತೆ ಹಿಡಿದು, ಅವಳು ಕ್ಷೇಮವೇ ಎಂದು ಕೇಳುವಾಗ ಅವನ ಗಂಟಲು ಕಟ್ಟುತ್ತದೆ. ಗಂಡಸು ಅಳುವುದನ್ನು ಇಷ್ಟು ಗೌರವದಿಂದ ತೋರಿಸಿದ ದೃಶ್ಯ ಈ ಪ್ರಕಾರದಲ್ಲಿ ಅಪರೂಪ. ‘ಎಂಡ್‌ಗೇಮ್’ನಲ್ಲಿ ಥಾರ್‌ನ ಖಿನ್ನತೆಯನ್ನು ಅವನ ಹೊಟ್ಟೆಯ ಗಾತ್ರದ ಮೇಲಿನ ಹಾಸ್ಯವಾಗಿಸಿದ್ದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಹಾಗಾದರೆ ಒಳ್ಳೆಯದು ಯಾಕೆ ಇಷ್ಟು ವಿರಳ? ಕಾರಣದ ದೊಡ್ಡ ಪಾಲು ಹಣದ್ದು. ‘ಐರನ್ ಮ್ಯಾನ್ 3’ರ ನಿರ್ದೇಶಕ ಶೇನ್ ಬ್ಲ್ಯಾಕ್, ತಮ್ಮ ಕರಡಿನಲ್ಲಿ ಖಳಪಾತ್ರ ಹೆಂಗಸಿನದಾಗಿತ್ತು, ಹೆಣ್ಣುಗೊಂಬೆ ಮಾರಾಟವಾಗುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಗಂಡಸಾಗಿ ಬದಲಿಸಬೇಕಾಯಿತು ಎಂದು 2016ರಲ್ಲಿ ಹೇಳಿದರು. ‘ಏಜ್ ಆಫ್ ಅಲ್ಟ್ರಾನ್’ನಲ್ಲಿ ವಿಮಾನದಿಂದ ಬೈಕ್ ಸಮೇತ ಧುಮುಕುವವಳು ನತಾಶಾ, ಅಂಗಡಿಗೆ ಬಂದ ಅದರ ಆಟಿಕೆಯಲ್ಲಿ ಬೈಕ್ ಮೇಲೆ ಕೂತಿದ್ದವನು ಕ್ಯಾಪ್ಟನ್ ಅಮೆರಿಕ. ಮಾರ್ವೆಲ್‌ನ ಆಗಿನ ಮುಖ್ಯಸ್ಥ ಐಕ್ ಪರ್ಲ್‌ಮಟರ್ 2014ರಲ್ಲಿ ಸೋನಿಯ ಮುಖ್ಯಸ್ಥರಿಗೆ ಬರೆದ ಇಮೇಲ್ ಸೋರಿಕೆಯಾದಾಗ ಅದರಲ್ಲಿ ‘ಎಲೆಕ್ಟ್ರಾ’, ‘ಕ್ಯಾಟ್‌ವುಮನ್’, ‘ಸೂಪರ್‌ಗರ್ಲ್’ ಎಂಬ ಸೋತ ಚಿತ್ರಗಳ ಪಟ್ಟಿ ಇತ್ತು. ಹೆಣ್ಣು ನಾಯಕಿಯ ಚಿತ್ರ ನಡೆಯುವುದಿಲ್ಲ ಎಂಬುದಕ್ಕೆ ಅದು ಅವರ ಆಧಾರ. 2011ರ ‘ಗ್ರೀನ್ ಲ್ಯಾಂಟರ್ನ್’ ನೆಲಕಚ್ಚಿದಾಗ ಗಂಡು ನಾಯಕರ ಕಾಲ ಮುಗಿಯಿತು ಎಂದು ಯಾವ ಮುಖ್ಯಸ್ಥರೂ ಬರೆಯಲಿಲ್ಲ. ಗಂಡಿನ ಸೋಲು ಒಂದು ಚಿತ್ರದ ಸೋಲು. ಹೆಣ್ಣಿನ ಸೋಲಾದರೆ ಅದು ಹೆಣ್ಣುಕುಲದ್ದು.

2019ರ ಮಹಿಳಾ ದಿನದಂದು ಬಂದ ‘ಕ್ಯಾಪ್ಟನ್ ಮಾರ್ವೆಲ್’ ಈ ಲೆಕ್ಕಾಚಾರವನ್ನು ಮುರಿಯಿತು. ನೂರು ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಟ್ರೇಲರ್‌ನಲ್ಲಿ ನಾಯಕಿ ಬ್ರೀ ಲಾರ್ಸನ್ ನಗುವುದಿಲ್ಲ ಎಂದು ಗಂಡಸರು ದೂರಿದ್ದರು. ಚಿತ್ರ ಬಿಡುಗಡೆಗೆ ಮುನ್ನವೇ ಕೆಟ್ಟ ಟಿಪ್ಪಣಿಗಳ ದಾಳಿ ಎಷ್ಟಾಯಿತೆಂದರೆ, ‘ರಾಟನ್ ಟೊಮ್ಯಾಟೋಸ್’ ತಾಣ ಬಿಡುಗಡೆಗೆ ಮೊದಲು ಅಭಿಪ್ರಾಯ ಬರೆಯುವ ಅವಕಾಶವನ್ನೇ ತೆಗೆದುಹಾಕಿತು. ಚಿತ್ರದ ಕೊನೆಯಲ್ಲಿ ನಾಯಕಿಯ ಹಳೆಯ ಗುರು, ನಿನ್ನ ಶಕ್ತಿ ಬದಿಗಿಟ್ಟು ಬರಿಗೈಯಲ್ಲಿ ನನ್ನನ್ನು ಗೆದ್ದು ತೋರಿಸು ಎಂದು ಸವಾಲೆಸೆಯುತ್ತಾನೆ. ಭಾವನೆಗಳನ್ನು ಅಡಗಿಸು, ಆಗ ಒಪ್ಪುತ್ತೇನೆ ಎಂದು ಚಿತ್ರದುದ್ದಕ್ಕೂ ಅವಳನ್ನು ಕುಗ್ಗಿಸಿದವನು ಅವನು. ಅವಳು ಒಂದೇ ಏಟಿಗೆ ಅವನನ್ನು ಬಂಡೆಗೆ ಅಪ್ಪಳಿಸಿ, ನಿನಗೆ ಏನನ್ನೂ ಸಾಬೀತು ಮಾಡಬೇಕಿಲ್ಲ ಎನ್ನುತ್ತಾಳೆ. ಕಚೇರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಈ ದೃಶ್ಯ ಯಾಕೆ ಇಷ್ಟವಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಅಮೆರಿಕದ ವಾಯುಪಡೆಯ ಸಹಕಾರದಲ್ಲಿ ತಯಾರಾದ ಚಿತ್ರ ಅದು. ಯುದ್ಧವಿಮಾನ ಹಾರಿಸುವ ಹಕ್ಕು ಸಿಕ್ಕಿದ್ದೇ ಸಮಾನತೆಯ ಶಿಖರ ಎಂಬಂತೆ ಅದು ಸಾಗುತ್ತದೆ; ಆ ವಿಮಾನಗಳು ಯಾರ ಊರಿನ ಮೇಲೆ ಹಾರುತ್ತವೆ ಎಂದು ಕೇಳುವುದಿಲ್ಲ.

ಅದಕ್ಕಿಂತ ಒಂದು ವರ್ಷ ಹಿಂದೆ ಬಂದ ರಯಾನ್ ಕೂಗ್ಲರ್‌ರ ‘ಬ್ಲ್ಯಾಕ್ ಪ್ಯಾಂಥರ್’ ನನಗೆ ಹೆಚ್ಚು ಹತ್ತಿರ. ಅಲ್ಲಿ ರಾಜನ ಸೇನಾನಿ ಒಕೋಯೆ, ವಿಜ್ಞಾನಿ ತಂಗಿ ಶೂರಿ, ಗೂಢಚಾರಿಣಿ ನಾಕಿಯಾ. ಯಾರೂ ನಾಯಕನ ಕೋಪಕ್ಕೆ ಕಡ್ಡಿ ಗೀರಲು ಹುಟ್ಟಿದವರಲ್ಲ. ಅಂತಃಕಲಹದ ನಡುವೆ ಒಕೋಯೆಯ ಪ್ರಿಯಕರ, ನನ್ನನ್ನೂ ಕೊಲ್ಲುವೆಯಾ ಎಂದು ಕೇಳುತ್ತಾನೆ. ನಾಡಿಗಾಗಿ ಖಂಡಿತ ಎಂದು ಅವಳು ಭರ್ಜಿ ನೇರ ಹಿಡಿಯುತ್ತಾಳೆ. ಅವನು ಆಯುಧ ಕೆಳಗಿಟ್ಟು ಮಂಡಿಯೂರುತ್ತಾನೆ. ಸೋತ ಗಂಡಸನ್ನು ಆ ದೃಶ್ಯ ಅವಮಾನಿಸುವುದೂ ಇಲ್ಲ.

2025ರ ಜುಲೈಯಲ್ಲಿ ಜೇಮ್ಸ್ ಗನ್ ನಿರ್ದೇಶನದ ‘ಸೂಪರ್‌ಮ್ಯಾನ್’ ಬಂತು. ಇವನು ದೈತ್ಯಪ್ರಾಣಿಯೊಡನೆ ಕಾದಾಡುವ ನಡುವೆ ಒಂದು ಅಳಿಲನ್ನು ಎತ್ತಿ ಬದಿಗಿಡುವವನು, ಲೋಯಿಸ್ ಪತ್ರಕರ್ತೆಯಾಗಿ ಬಿರುಸಿನ ಪ್ರಶ್ನೆ ಕೇಳಿದಾಗ ತಡವರಿಸುವವನು, ತನಗೂ ಭಯವಾಗುತ್ತದೆ ಎಂದು ಬಾಯಿಬಿಟ್ಟು ಹೇಳುವವನು. ಭಾರತದ ಸೆನ್ಸಾರ್ ಮಂಡಳಿ ಈ ಚಿತ್ರಕ್ಕೆ 13 ವರ್ಷ ಮೇಲಿನವರ ಪ್ರಮಾಣಪತ್ರ ಕೊಡುವಾಗ ಕತ್ತರಿ ಹಾಕಿತು. ಹೋದದ್ದು ಅವನೂ ಲೋಯಿಸ್‌ಳೂ ಮುತ್ತಿಡುವ ಸುಮಾರು 33 ಸೆಕೆಂಡಿನ ದೃಶ್ಯ. ಕಟ್ಟಡಗಳು ಉರುಳುವುದು, ಮುಖಕ್ಕೆ ಗುದ್ದುವುದು ಉಳಿಯಿತು. ಇಬ್ಬರು ವಯಸ್ಕರು ಒಪ್ಪಿ ಪ್ರೀತಿಸುವುದನ್ನು ಹದಿಹರೆಯದವರು ನೋಡಬಾರದು, ಹೊಡೆದಾಟವನ್ನು ನೋಡಬಹುದು ಎಂಬ ಈ ತೀರ್ಮಾನ ತಪ್ಪು. ಮೃದುವಾಗಿರುವುದೂ ಗಂಡಸುತನವೇ ಎಂದು ಹೇಳಬಂದ ಚಿತ್ರದಿಂದ ಮೃದುವಾದದ್ದನ್ನೇ ಹುಡುಕಿ ತೆಗೆದರು.

ಇನ್ನು ಬೆಂಗಳೂರಿಗೆ. ಮಲಯಾಳಂನ ‘ಲೋಕಾ: ಚಾಪ್ಟರ್ ಒನ್ ಚಂದ್ರ’ 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾಗಿ 300 ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತು. ಕತೆ ನಡೆಯುವುದು ನಮ್ಮ ರಾಜಧಾನಿಯಲ್ಲಿ. ರಾತ್ರಿ ಪಾಳಿಯಲ್ಲಿ ಕೆಫೆಯಲ್ಲಿ ದುಡಿಯುವ ಹುಡುಗಿ ಚಂದ್ರ, ಕೇರಳದ ಜನಪದದಲ್ಲಿ ಜನ ಹೆದರುವ ಕಳ್ಳಿಯಂಗಾಟ್ಟು ನೀಲಿ ಎಂಬ ಯಕ್ಷಿ. ಗಂಡಸರನ್ನು ಮರುಳು ಮಾಡಿ ರಕ್ತ ಹೀರುವವಳೆಂದು ಹೆಸರಾದ ಹೆಣ್ಣನ್ನು ನಿರ್ದೇಶಕ ಡೊಮಿನಿಕ್ ಅರುಣ್ ಕಾಪಾಡುವವಳನ್ನಾಗಿ ಮಾಡಿದರು. ಬರವಣಿಗೆಯಲ್ಲಿ ಶಾಂತಿ ಬಾಲಚಂದ್ರನ್ ಅವರ ಪಾಲೂ ಇತ್ತು. ಎದುರು ಮನೆಯ ಹುಡುಗ ಸನ್ನಿ ಅವಳನ್ನು ಪ್ರೀತಿಸುತ್ತಾನೆ, ಬೆರಗಿನಿಂದ ನೋಡುತ್ತಾನೆ, ಹೆದರುತ್ತಾನೆ, ಕೈಲಾದ ನೆರವು ಕೊಡುತ್ತಾನೆ; ಅವಳ ರಕ್ಷಕನಾಗಲು ಹೊರಡುವುದಿಲ್ಲ. ಹಾಗಿದ್ದೂ ಅವನು ಯಾರಿಗೂ ಕಡಿಮೆ ಎನ್ನಿಸುವುದಿಲ್ಲ. ಇದನ್ನು 2021ರ ‘ಮಿನ್ನಲ್ ಮುರಳಿ’ಯೊಂದಿಗೆ ಇಟ್ಟು ನೋಡಿದರೆ ನಾಲ್ಕು ವರ್ಷದಲ್ಲಿ ಆದ ಬದಲಾವಣೆ ಕಾಣುತ್ತದೆ. ಬೇಸಿಲ್ ಜೋಸೆಫ್‌ರ ಆ ಸೊಗಸಾದ ಚಿತ್ರದಲ್ಲೂ ಖಳ ಶಿಬುವಿನ ಕೋಪ ಊರು ಸುಡುವಷ್ಟು ಉರಿಯಲು ಉಷಾ ಎಂಬ ಹೆಣ್ಣು ಬೆಂಕಿಯಲ್ಲಿ ಸಾಯಬೇಕಾಗಿತ್ತು.

‘ಲೋಕಾ’ ಬಂದಾಗ ಇಲ್ಲಿ ವಿವಾದವೂ ಎದ್ದಿತು. ಬೆಂಗಳೂರಿನ ಹುಡುಗಿಯರ ನಡತೆಯ ಬಗ್ಗೆ ಚಿತ್ರದಲ್ಲಿ ಒಂದು ಕೀಳು ಮಾತಿತ್ತು. ಕನ್ನಡಿಗರು ಆಕ್ಷೇಪಿಸಿದರು, ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ ಮಾತನ್ನು ತೆಗೆಯುವುದಾಗಿ ಹೇಳಿತು. ಆ ಮಾತು ಹೆಣ್ಣುದ್ವೇಷಿ ಖಳ ಪೊಲೀಸನ ಬಾಯಲ್ಲಿತ್ತು, ಚಿತ್ರ ಹೋರಾಡುವುದೇ ಅಂಥವನ ವಿರುದ್ಧ ಎಂಬ ಸಮಾಧಾನವಿದೆ. ಆದರೂ ಒಂದು ಊರಿನ ಹೆಣ್ಣುಮಕ್ಕಳನ್ನೆಲ್ಲ ಸೇರಿಸಿ ಆಡಿದ ಮಾತು ನೋಯಿಸಿದರೆ ಆ ನೋವು ಸುಳ್ಳಲ್ಲ. ನಾನು ಕೇಳಿಕೊಳ್ಳುವುದಿಷ್ಟೆ: ಅದೇ ಸಿಟ್ಟು, ನಮ್ಮದೇ ಹೀರೋ ನಮ್ಮದೇ ಭಾಷೆಯಲ್ಲಿ ನಾಯಕಿಯ ಬಟ್ಟೆ, ನಡತೆ, ಕನ್ಯತ್ವದ ಬಗ್ಗೆ ಡೈಲಾಗ್ ಹೊಡೆದು ಶಿಳ್ಳೆ ಗಿಟ್ಟಿಸುವಾಗಲೂ ಬರಲಿ.

ಹೊಸ ತಲೆಮಾರಿನ ಕನ್ನಡ ಚಿತ್ರಕಥೆಗಾರರು ಇಂದಲ್ಲ ನಾಳೆ ಸೂಪರ್‌ಹೀರೋ ಕತೆಗಳಿಗೆ ಕೈ ಹಾಕುತ್ತಾರೆ. ದೊಡ್ಡ ಪರದೆಯ ಕಸುಬು ನಮ್ಮವರಿಗೆ ಈಗ ಗೊತ್ತಿದೆ. ಅವರಲ್ಲಿ ನನ್ನದೊಂದು ಕೋರಿಕೆ. ನಾಯಕನ ತಾಯಿಯನ್ನೋ ಗೆಳತಿಯನ್ನೋ ಮಗಳನ್ನೋ ಕೊಲ್ಲುವ ಪುಟಕ್ಕೆ ಬಂದಾಗ ಪೆನ್ನು ನಿಲ್ಲಿಸಿ, ಅವಳನ್ನು ಬದುಕಲು ಬಿಟ್ಟು ಮುಂದಿನ ದೃಶ್ಯ ಬರೆದು ನೋಡಿ. ಅವನು ಆಗಲೂ ಎದ್ದು ನಿಲ್ಲುತ್ತಾನೆಯೇ? ನಿಲ್ಲದಿದ್ದರೆ ಅವನ ಪಾತ್ರವನ್ನು ಇನ್ನೊಮ್ಮೆ ಬರೆಯಿರಿ.